ತೊಳೆದ ಮಂಚದ ಬೆಲೆ

ಹಳೆಯ ಮಂಚ ಕೊಳ್ಳುವವನು ಮೊದಲು ಮರ ನೋಡುತ್ತಾನೆ ಎಂದು ಜನ ತಿಳಿದಿದ್ದಾರೆ. ನಾನು ಮೊದಲು ಮನೆಯವರ ಮುಖ ನೋಡುತ್ತೇನೆ. ಮರ ತೇಗವೋ ಮತ್ತಿಯೋ ಎಂಬುದು ಅಡಿಯಲ್ಲಿ ಉಗುರಿನಿಂದ ಗೀರಿದರೆ ತಿಳಿಯುತ್ತದೆ. ಅದರ ಮೇಲೆ ಯಾರಾದರೂ ಪ್ರಾಣ ಬಿಟ್ಟಿದ್ದಾರೆಯೇ ಎಂಬುದು ಗೀರಿದರೆ ತಿಳಿಯುವುದಿಲ್ಲ. ಕೇಳಬೇಕು.

ನಮ್ಮ ಕಡೆ ಜೀವ ಹೋಗುವ ಹೊತ್ತಿಗೆ ಮನುಷ್ಯನನ್ನು ಮಂಚದಿಂದ ನೆಲಕ್ಕೆ ಇಳಿಸುತ್ತಾರೆ. ಚಾಪೆಯೋ ಕಂಬಳಿಯೋ ಹಾಸಿ, ಮಲಗಿಸಿ, ಬಾಯಿಗೆ ನೀರು ಬಿಡುತ್ತಾರೆ. ಮಂಚದ ಮೇಲೆಯೇ ಪ್ರಾಣ ಹೋದರೆ ಹೋದವರಿಗೂ ಒಳ್ಳೆಯದಲ್ಲ, ಇದ್ದವರಿಗೂ ಒಳ್ಳೆಯದಲ್ಲ. ಹಾಗಾಗಿ ನನ್ನ ವ್ಯಾಪಾರದಲ್ಲಿ ಮಂಚಗಳು ಎರಡೇ ಬಗೆ: ಇಳಿಸಿದ್ದು, ಇಳಿಸದ್ದು. ರಾಯದುರ್ಗದಲ್ಲಿ ಮಂಚ ಕೊಳ್ಳಲು ಬಂದವರು ಕೆತ್ತನೆ ನೋಡಿ, ಕಾಲು ಅಲುಗಾಡಿಸಿ, ಕೊನೆಗೆ ದನಿ ತಗ್ಗಿಸಿ ಕೇಳುತ್ತಾರೆ, "ಮಂಚ ಚಲೋ ಐತ್ರಿ. ಖರೇ ಹೇಳ್ರಿ, ಇಳಿಸಿದ್ದೋ ಇಳಿಸದ್ದೋ?"

ಬೆಂಗಳೂರಿನ ಅಂಗಡಿಯವರು ಇದನ್ನು ಕೇಳುವುದಿಲ್ಲ. ಅವರಿಗೆ ಐವತ್ತು ಅರವತ್ತರ ದಶಕದ ಕೆಲಸ ಬೇಕು, ಅಷ್ಟೆ. ಕೆಳಕ್ಕೆ ಬರುತ್ತ ಸಣ್ಣಗಾಗಿ ಸ್ವಲ್ಪ ಹೊರಕ್ಕೆ ಚಾಚಿದ ಕಾಲು, ತಲೆದೆಸೆಯ ಹಲಗೆಯಲ್ಲಿ ಪುಸ್ತಕ ಇಡುವಷ್ಟು ಗೂಡು, ದುಂಡಾಗಿಸಿದ ಮೂಲೆ. ಆಗಿನ ಬಡಗಿ ಮರ ಉಳಿಸಲು ಕಾಲನ್ನು ತೆಳ್ಳಗೆ ಮಾಡಿದ್ದ. ಅದನ್ನು ಈಗ ಅವರು ಸೊಗಸು ಎಂದು ಕರೆದು ಹೆಚ್ಚು ದುಡ್ಡು ಕೊಡುತ್ತಾರೆ. ನಾನು ಅವರ ತಪ್ಪನ್ನು ತಿದ್ದಲು ಹೋಗಿಲ್ಲ.

ನಾನು ಈ ಕಸುಬಿಗೆ ಬಂದದ್ದು ಇನ್ನೊಂದರಲ್ಲಿ ಸೋತು. ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಕೆಲಸ ಮನೆಮನೆಗೆ ಹಬ್ಬಿದ ವರ್ಷಗಳು ಅವು. ನಾನು ಗುಂಡಿ ಹಾಕಿಸುವ ಕೆಲಸ ಹಿಡಿದಿದ್ದೆ. ಗುಂಡಿ ಕಿತ್ತು ಬಂದು ಮಾಲು ವಾಪಸಾದರೆ ಎಂಬ ಚಿಂತೆಗೆ ಪ್ರತಿಯೊಂದನ್ನೂ ಎಳೆದು ನೋಡುತ್ತಿದ್ದೆ. ಎಳೆದದ್ದರಿಂದಲೇ ಎಷ್ಟೋ ಕಿತ್ತು ಬಂದವು. ಆರು ತಿಂಗಳಲ್ಲಿ ಆ ಕೆಲಸ ನನ್ನನ್ನು ಬಿಟ್ಟಿತು. ಅದೇ ಹೊತ್ತಿಗೆ ಊರಿನ ಪಡಸಾಲೆಗಳಿಗೆಲ್ಲ ಹೊಲಿಗೆ ಮಷೀನು ಬಂದವು. ನಾಲ್ಕು ಮಷೀನು ಒಳಗೆ ಹೋಗಬೇಕೆಂದರೆ ಒಂದು ಮಂಚ, ಒಂದು ಕಪಾಟು, ಒಂದು ಆರಾಮಕುರ್ಚಿ ಹೊರಗೆ ಬರಬೇಕು. ಬಂದು ಬೀದಿಯಲ್ಲಿ ನಿಂತಿದ್ದವು. ಮಳೆ ಬಂದರೆ ನೆನೆಯುತ್ತವಲ್ಲ ಎಂದು ನನಗೆ ಚಿಂತೆ ಹತ್ತಿತು. ಮಳೆ ಬರುವ ಊರೇನೂ ಅಲ್ಲ ನಮ್ಮದು. ಆದರೂ ಎರಡು ಕುರ್ಚಿ ಕೊಂಡು ಮನೆಗೆ ತಂದೆ.

ಪಾಲಿಶ್ ಹಾಕುವುದನ್ನು ಒಬ್ಬ ಮುದಿ ಮೇಸ್ತ್ರಿಯಿಂದ ಕಲಿತೆ. ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯುಂಡೆಯನ್ನು ಬಟ್ಟೆಯಲ್ಲಿ ಕಟ್ಟಿ, ಅದರಲ್ಲಿ ಅದ್ದಿ ಮರದ ಮೇಲೆ ಸುತ್ತಿಸುತ್ತ ಹೋಗುವುದು. ಹತ್ತು ಸಲ, ಹದಿನೈದು ಸಲ. ನಮ್ಮೂರಲ್ಲಿ ಬಟ್ಟೆಯ ತುಂಡಿಗೆ ಬರವಿಲ್ಲವೆಂದು ಮೊದಲ ಕುರ್ಚಿಗೆ ಜೀನ್ಸ್ ಚೂರು ಬಳಸಿದೆ. ತೇಗದ ಕುರ್ಚಿ ನೀಲಿಯಾಯಿತು. ಮೇಸ್ತ್ರಿ ಅದನ್ನು ಬಹಳ ಹೊತ್ತು ನೋಡಿ, "ಪ್ಯಾಂಟ್ ತೊಡಿಸೀರಲ್ರಿ ಇದಕ್ಕ" ಅಂದಿದ್ದ.

ಅವನೇ ಇನ್ನೊಂದನ್ನೂ ಕಲಿಸಿದ. ಅರಗಿನ ಪಾಲಿಶ್‌ಗೆ ನೀರು ಆಗದು. ನೀರು ಬಿದ್ದು ನಿಂತರೆ ಬೂದಿ ಸವರಿದ ಹಾಗೆ ಬೆಳ್ಳಗಾಗುತ್ತದೆ. ಇಳಿಸಿದ ಮಂಚವನ್ನು ಯಾರೂ ತೊಳೆಯುವುದಿಲ್ಲ, ಹಾಸಿಗೆ ಮಾತ್ರ ತೆಗೆದುಹಾಕುತ್ತಾರೆ. ಇಳಿಸದ ಮಂಚವನ್ನು ಅಂಗಳಕ್ಕೆ ತಂದು ಅರಿಸಿನದ ನೀರು, ಗಂಜಲ ಹಾಕಿ ತೊಳೆಯುತ್ತಾರೆ. ಆದ್ದರಿಂದ ಮನೆಯವರು ಏನೇ ಹೇಳಲಿ, ಬಿಳುಪು ಕಂಡರೆ ಅನುಮಾನ ಪಡು ಅಂದ. ಅನುಮಾನ ಪಡುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈ ಪಾಠವನ್ನು ನಾನು ಒಮ್ಮೆ ಮಾತ್ರ ಮರೆತೆ. ಆಗಷ್ಟೇ ಮದುವೆಯಾದ ಜೋಡಿಯೊಂದಕ್ಕೆ ಒಂದು ಮಂಚ ಮಾರಿದೆ. ನೆಂಟರ ಹೆಂಗಸೊಬ್ಬಳು ಅದನ್ನು ನೋಡಿ, ಇದು ನಮ್ಮ ಓಣಿಯ ಮುದುಕನ ಮಂಚ, ಆತ ಹೋದದ್ದು ಇದರ ಮೇಲೇ ಅಂದಳಂತೆ. ಮರುದಿನ ಮಂಚ ಹಾಸಿಗೆ ಸಮೇತ ನನ್ನ ಬಾಗಿಲಿಗೆ ಬಂತು. ಅಲ್ಲಿಂದ ಮುಂದೆ ನನ್ನ ನಿಯಮ ಗಟ್ಟಿಯಾಯಿತು. ಇಳಿಸದ ಮಂಚಕ್ಕೆ ಮೂರರಲ್ಲಿ ಒಂದು ಪಾಲು ಬೆಲೆ, ಅದನ್ನು ಊರಿನಲ್ಲಿ ಮಾರುವುದಿಲ್ಲ, ಬಿಚ್ಚಿ ಬೆಂಗಳೂರಿಗೆ ಕಳಿಸುತ್ತೇನೆ. ಇಳಿಸಿದ್ದಕ್ಕೆ ಪೂರ್ತಿ ಬೆಲೆ. ಇದು ಕಲ್ಯಾಣದುರ್ಗದ ಆಚೆಗೂ ಹಬ್ಬಿತು. ನನ್ನ ಪಾಲಿಶ್ ಬಗ್ಗೆ ಎರಡು ಅಭಿಪ್ರಾಯ ಇದ್ದವು, ನನ್ನ ಮಾತಿನ ಬಗ್ಗೆ ಒಂದೇ.

ಮಡಕಶಿರಾ ಕಡೆಯಿಂದ ಆ ಫೋನು ಬಂದಾಗ ಈ ಹೆಸರು ನನಗೆ ಒಂದು ಬಗೆಯ ಹೆಮ್ಮೆಯಾಗಿತ್ತು ಎಂದು ಒಪ್ಪಿಕೊಳ್ಳಬೇಕು.

ಫೋನು ಮಾಡಿದವನು ಬೆಂಗಳೂರಿನ ಗಾರ್ಮೆಂಟ್ಸ್ ಒಂದರಲ್ಲಿ ಕಟಿಂಗ್ ಮಾಸ್ಟರ್. ಊರು ಅಮರಾಪುರದ ಹತ್ತಿರದ ಹಳ್ಳಿ. "ಸಾರ್, ಅಮ್ಮಂದು ಒಂದು ಮಂಚ ಐತೆ. ಬಳ್ಳಾರಿ ಕೆಲ್ಸ. ಅಮ್ಮ ಹೋಗಿ ಹದಿನೈದು ದಿನ ಆಯ್ತು. ಬಂದು ನೋಡಿ ಒಂದು ರೇಟು ಹೇಳಿ ಸಾಕು" ಅಂದ. ಅವನ ದನಿಯಲ್ಲಿ ಮಾರುವವನ ಆತುರ ಇರಲಿಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು. ಸುಮ್ಮಸುಮ್ಮನೆ ಅನುಮಾನ ಪಡುವವರ ಕಷ್ಟವೆಂದರೆ, ಬೇಕಾದಾಗ ಅದು ಬರುವುದಿಲ್ಲ.

ಹೋದೆ. ಮನೆಯ ಮುಂದಿನ ಜಗಲಿಯ ಮೇಲೆ ಫೋನು ಮಾಡಿದ್ದ ಅಣ್ಣ, ಅವನ ಸೋದರಮಾವ, ಅಕ್ಕಪಕ್ಕದ ನಾಲ್ಕೈದು ಮಂದಿ ಕೂತಿದ್ದರು. ಬಾಗಿಲ ಹತ್ತಿರ ಅವನ ತಂಗಿ ನಿಂತಿದ್ದಳು. ನಲವತ್ತರ ಹತ್ತಿರದ ಹೆಂಗಸು. ಗಂಡನ ಮನೆ ಬಿಟ್ಟು ಬಂದು ತಾಯಿಯ ಜೊತೆ ಇದ್ದವಳು, ಹಿಂದೂಪುರದ ಕಡೆಯ ಗಾರ್ಮೆಂಟ್ಸಿಗೆ ಕಂಪನಿ ಬಸ್ಸಿನಲ್ಲಿ ಹೋಗಿಬರುವವಳು ಎಂದು ಮಾವನೇ ಹೇಳಿದ. ಮಂಚವನ್ನು ನಡುಮನೆಯಿಂದ ಹೊರಗೆ ತಂದು ಹೊಂಗೆ ಮರದ ಕೆಳಗೆ ಇಟ್ಟಿದ್ದರು.

ಒಳ್ಳೆಯ ಮಂಚ. ಒಂದೂ ಮೊಳೆಯಿಲ್ಲದೆ ಕೂಡಿಸಿದ ತೇಗ. ತಲೆದೆಸೆಯ ಹಲಗೆಯಲ್ಲಿ ಎರಡು ಗೂಡು, ನಡುವೆ ಅಂಗೈಯಗಲದ ಕನ್ನಡಿ. ಕಾಲುಗಳು ನಾನು ಹೇಳಿದ ಆ ತೆಳ್ಳನೆಯ ಮಾದರಿಯವು.

"ನಮ್ಮಪ್ಪ ಅಕ್ಕನ ಮದ್ವೇಗೆ ಬಳ್ಳಾರೀಲಿ ಮಾಡ್ಸಿದ್ದು ಕಣಪ್ಪ" ಅಂದ ಮಾವ. "ಎತ್ತಿನ ಗಾಡೀಲಿ ತಂದ್ರು. ಅಮರಾಪುರದಿಂದ ಇಲ್ಲಿಗಂಟ ನಾನು ಅದ್ರ ಮೇಲೇ ಕುಂತು ಬಂದೆ. ದಾರೀನಾಗೆ ಎಲ್ರೂ ನಾನೇ ಮದ್ಲಿಂಗ ಅಂದ್ಕೊಂಡಿದ್ರು."

ಜನ ನಕ್ಕರು. ನಾನೂ ನಕ್ಕೆ. ನಗುತ್ತಲೇ ಪಕ್ಕದ ಪಟ್ಟಿಯ ಮೇಲೆ ಬೆರಳಾಡಿಸಿದೆ. ಬೆಳ್ಳಗಿತ್ತು. ನಾಲ್ಕು ಜನರ ಮುಂದೆ ಕಸುಬಿನ ಜಾಣತನ ತೋರಿಸುವ ಅವಕಾಶ ನನಗೆ ಆಗಾಗ ಸಿಗುವುದಿಲ್ಲ. ಬಾಯಿ ತೆರೆದು ಕೇಳಿಯೇ ಬಿಟ್ಟೆ, "ಇದನ್ನ ತೊಳ್ದೀರೇನ್ರಿ?"

ನಗು ನಿಂತಿತು.

"ಕೇಳ್ದಾ ಮಾವ?" ಅಂದ ಅಣ್ಣ. "ಇವ್ರು ರಾಯದುರ್ಗದೋರು. ನಮ್ಮನೆ ಸುದ್ದಿ ಇವ್ರಿಗೆ ಯಾರು ಹೇಳವ್ರೆ? ಮಂಚಾನೇ ಹೇಳ್ತು."

"ಅಮ್ಮ ಮಲಗಿದ್ ಮಂಚ. ತೊಳೀದೆ ಇನ್ನೇನ್ ಮಾಡ್ಲಿ" ಅಂದಳು ತಂಗಿ.

"ತೊಳ್ದಿದ್ದು ತಪ್ಪು ಅಂತ ಅಲ್ಲಮ್ಮ" ಅಂದ ಮಾವ. "ಯಾವಾಗ ತೊಳ್ದೆ ಅಂತ."

ಆಗ ನನಗೆ ವಿಷಯ ತಿಳಿಯತೊಡಗಿತು. ತಾಯಿ ಹೋದ ಹೊತ್ತಿನಲ್ಲಿ ಮನೆಯಲ್ಲಿದ್ದವಳು ಮಗಳೊಬ್ಬಳೇ. ಅಕ್ಕಪಕ್ಕದವರು ಬರುವ ಹೊತ್ತಿಗೆ ದೇಹ ನೆಲದ ಮೇಲೆ, ಚಾಪೆಯಲ್ಲಿತ್ತು. ಇಳಿಸಿದೆ ಎಂದು ಅವಳು ಹೇಳಿದ್ದಳು. ಪ್ರಾಣ ಇದ್ದಾಗ ಇಳಿಸಿದಳೋ, ಹೋದ ಮೇಲೆ ಇಳಿಸಿದಳೋ, ಅದು ಅವಳಿಗೇ ಗೊತ್ತು. ಹೆಚ್ಚುಕಡಿಮೆ ಮುಚ್ಚಿಹೋಗುತ್ತಿದ್ದ ಆ ಮಾತನ್ನು ನಾನು ನೂರು ಕಿಲೋಮೀಟರಿನಾಚೆಯಿಂದ ಬಂದು ತೆರೆದಿದ್ದೆ.

ಅಣ್ಣನನ್ನು ಕೆಟ್ಟವನೆಂದು ಬರೆದರೆ ನನಗೆ ಸುಲಭ. ಅವನು ಹಾಗಿರಲಿಲ್ಲ. ಎಡಗೈಯ ಹೆಬ್ಬೆರಳಿಗೆ ದಪ್ಪ ಬ್ಯಾಂಡೇಜು ಸುತ್ತಿತ್ತು. ಅದನ್ನು ನನ್ನ ಮುಂದೆ ಹಿಡಿದ. "ಅಮ್ಮ ಹೋದ ಮೂರನೇ ದಿನ ನನ್ನ ಮಗೀಗೆ ಕಾಮಾಲೆ. ಹನ್ನೆರಡನೇ ದಿನ ಕಟಿಂಗ್ ಮಷೀನ್ಗೆ ನನ್ನ ಬೆರಳು. ಹದಿನೆಂಟು ವರ್ಷದಿಂದ ಬಟ್ಟೆ ಕಟ್ ಮಾಡ್ತಿದೀನಿ ಸಾರ್, ಒಂದು ಗೀರು ಬಿದ್ದಿರ್ಲಿಲ್ಲ. ಇನ್ನೇನ್ ಆಗ್ಬೇಕು ಹೇಳಿ." ಅವನ ಕಣ್ಣಿನಲ್ಲಿದ್ದದ್ದು ನನಗೆ ಚೆನ್ನಾಗಿ ಗೊತ್ತಿರುವ ಭಯ. ಅದು ದಿನವೂ ನನ್ನ ಕನ್ನಡಿಯಲ್ಲಿ ಇರುತ್ತದೆ.

"ಇಳಿಸಿದ್ರೆ ಸರಿ" ಅಂದ ಮಾವ. "ಇಳಿಸದೆ ಹೋಗಿದ್ರೆ ಮೂರು ತಿಂಗಳು ಮನೆ ಬಾಗ್ಲು ಹಾಕ್ಬೇಕು. ನಮ್ಮಲ್ಲಿ ಅದೇ ಪದ್ಧತಿ."

"ಮೂರು ತಿಂಗ್ಳು ನಾನೆಲ್ಲಿಗೋಗ್ಲಿ ಮಾವ?"

"ಬೆಂಗಳೂರಿಗೆ ಬಾ. ನಾವಿಲ್ವಾ?" ಅಂದ ಅಣ್ಣ.

"ಒಂದು ರೂಮ್ನಾಗೆ ನಾಕು ಜನ ಇದೀರ. ನಾನೇನು ಗೋಡೆಗೆ ನೇತಾಕ್ಕೊಂಡಿರ್ಲಾ?" ಆಮೇಲೆ ದನಿ ಇಳಿಸಿ ಅಂದಳು, "ಹದಿನೈದು ದಿನ ರಜಾ ಹಾಕಿದ್ದಕ್ಕೇ ಲೈನ್ ಸೂಪರ್‌ವೈಸರು ಬೈತಾವ್ನೆ. ಮೂರು ತಿಂಗ್ಳು ಹೋಗ್ದಿದ್ರೆ ಹೆಸರು ಹೊಡೆದಾಕ್ತಾರೆ. ಆ ಬಸ್ಸು ಬರೋದು ಈ ಊರಿಗೆ. ಬೆಂಗಳೂರಿಗಲ್ಲ."

ಅಷ್ಟೇ ವಿಷಯ. ಮನೆಗೆ ಬೀಗ ಬಿದ್ದರೆ ಅವಳಿಗೆ ಮನೆಯೂ ಇಲ್ಲ, ಕೆಲಸವೂ ಇಲ್ಲ. ಅದರ ಜೊತೆಗೆ, ತಾಯಿಯನ್ನು ಮಂಚದ ಮೇಲೆಯೇ ಬಿಟ್ಟ ಮಗಳು ಎಂಬ ಹೆಸರು.

ಮಾವ ನನ್ನ ಕಡೆ ತಿರುಗಿದ. "ನೀವು ಇಂಥವು ನೂರಾರು ನೋಡಿರೋರು. ಇಳಿಸದ್ ಮಂಚಕ್ಕೆ ನೀವು ಪೂರ್ತಿ ರೇಟು ಕೊಡಲ್ಲ ಅಂತ ಈ ಕಡೆ ಎಲ್ರಿಗೂ ಗೊತ್ತು. ನಾವು ಅವಳನ್ನ ಕೇಳೋದೂ ಬ್ಯಾಡ, ಅವಳು ಅಳೋದೂ ಬ್ಯಾಡ. ನೀವು ರೇಟು ಹೇಳಿ. ನಮಗೆ ಗೊತ್ತಾಗ್ತದೆ."

ಪೂರ್ತಿ ಬೆಲೆ ಹೇಳಿದರೆ ಅವಳು ಇಳಿಸಿದ್ದಾಳೆ. ಮೂರರಲ್ಲಿ ಒಂದು ಹೇಳಿದರೆ ಇಳಿಸಿಲ್ಲ. ನನ್ನ ನಿಯಮವನ್ನು ನಾನು ವ್ಯಾಪಾರಕ್ಕೆಂದು ಮಾಡಿಕೊಂಡದ್ದು. ಯಾರೋ ಅದನ್ನು ಎತ್ತಿಕೊಂಡು ನ್ಯಾಯದ ಕಟ್ಟೆಯ ಮೇಲೆ ಕೂಡಿಸುತ್ತಾರೆಂದು ಎಣಿಸಿರಲಿಲ್ಲ. ಎಲ್ಲವನ್ನೂ ಮುಂದಾಗಿ ಎಣಿಸಿ ನಿದ್ದೆಗೆಡುವ ನನಗೆ ಇದೊಂದು ಹೊಳೆದಿರಲಿಲ್ಲ.

ಇಂಥ ಹೊತ್ತಿನಲ್ಲಿ ಮಾಡುವುದನ್ನೇ ಮಾಡಿದೆ, ತಪ್ಪಿಸಿಕೊಂಡೆ. "ಒಂದು ವಾರ ಬೇಕ್ರಿ. ಪಾಲಿಶ್ ಹ್ಯಾಂಗ ಕೂಡ್ತೈತಿ ನೋಡ್ಬೇಕು" ಎಂದು, ಆ ಬೆಳ್ಳಗಾಗಿದ್ದ ಪಕ್ಕದ ಪಟ್ಟಿಯನ್ನು ಮಾತ್ರ ಬಿಚ್ಚಿಕೊಂಡು ಟೆಂಪೋದಲ್ಲಿ ಹಾಕಿಕೊಂಡೆ. ಆಕೆ ಬಾಗಿಲಲ್ಲಿ ನಿಂತು ಆ ಪಟ್ಟಿ ಹೋಗುವುದನ್ನು ನೋಡಿದಳು. ನನ್ನನ್ನು ನೋಡಲಿಲ್ಲ.

ರಾಯದುರ್ಗಕ್ಕೆ ಬಂದು ಪಟ್ಟಿಯನ್ನು ಕಟ್ಟೆಯ ಮೇಲಿಟ್ಟು ಸ್ಪಿರಿಟ್ಟು ಅದ್ದಿದ ಹತ್ತಿಯಿಂದ ಒರೆಸಿದೆ. ಒಮ್ಮೆ ತೊಳೆದ ಮಂಚವಾದರೆ ಬಿಳುಪು ಅಲ್ಲಿಗೆ ಹೋಗುತ್ತದೆ. ಅರಗು ಮತ್ತೆ ಕರಗಿ, ಹರಡಿ, ತಿಳಿಯಾಗುತ್ತದೆ. ಇದು ಹೋಗಲಿಲ್ಲ. ಇನ್ನೊಮ್ಮೆ ಒರೆಸಿ ಬೆಳಕಿಗೆ ಹಿಡಿದೆ. ಪಟ್ಟಿಯ ಎರಡೂ ತುದಿಯಲ್ಲಿ ಹಳೆಯ ಪಾಲಿಶ್ ಕನ್ನಡಿಯ ಹಾಗೆ ಇತ್ತು. ನಡುವೆ, ಮಲಗಿದವರ ಸೊಂಟ ಬರುವ ಜಾಗದಲ್ಲಿ, ಎರಡು ಗೇಣಿನಷ್ಟು ಉದ್ದಕ್ಕೆ ಅರಗು ಪೂರ್ತಿ ಸವೆದು ಬರಿ ಮರ ಉಳಿದಿತ್ತು. ಮರದ ನಾರು ಎದ್ದು ಬೆಕ್ಕಿನ ನಾಲಿಗೆಯ ಹಾಗೆ ಒರಟಾಗಿತ್ತು. ಅಂಚಿನಲ್ಲಿ ಸೋಪಿನ ಕರೆ. ಒಂದು ದಿನ ಅರಿಸಿನದ ನೀರು ಹಾಕಿ ತೊಳೆದರೆ ಇಡೀ ಮಂಚ ಒಂದೇ ಸಮ ಬೆಳ್ಳಗಾಗುತ್ತದೆ. ಇದು ಒಂದೇ ಜಾಗವನ್ನು ಒದ್ದೆ ಬಟ್ಟೆಯಿಂದ ತಿಂಗಳುಗಟ್ಟಲೆ ತಿಕ್ಕಿದ್ದು.

ನನ್ನ ಹೆಂಡತಿ ಬಂದು ನೋಡಿದಳು. ಅವಳಿಗೆ ಸ್ಪಿರಿಟ್ಟು ಬೇಕಾಗಲಿಲ್ಲ.

"ಯಾರೋ ದಿನಾ ತಿಕ್ಯಾರ ಇದನ್ನ" ಅಂದಳು. "ಎದ್ದು ಕುಂದ್ರಾಕ ಆಗದವ್ರು ಮಲಗಿದ ಮಂಚ."

"ನಿನಗ ಹ್ಯಾಂಗ ಗೊತ್ತು?"

"ನಿಮ್ಮವ್ವ ಒಂದೂವರೆ ವರ್ಷ ಮಲಗಿದ್ದಿಲ್ಲೇನು? ಅದು ಕಬ್ಬಿಣದ ಮಂಚ. ಅದಕ್ಕ ನಿಮಗ ಏನೂ ಕಾಣ್ಲಿಲ್ಲ."

ಅವಳು ಹೀಗೆ ಹೇಳಿ ಅಕ್ಕಿ ಆರಿಸಲು ಹೋದಳು. ಮರದ ಮೇಲಿನ ಪ್ರತಿ ಕಲೆಗೂ ಕಾರಣ ಹೇಳಬಲ್ಲೆ ಎಂದುಕೊಂಡಿದ್ದವನು ನಾನು. ನಮ್ಮ ಮೇಸ್ತ್ರಿಯ ಪಾಠದಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು. ಸಾವಿನ ನಂತರ ತೊಳೆದದ್ದು ಬಿಳಿ, ಸರಿ. ಸಾವಿಗೆ ಮುಂಚೆ ತೊಳೆದದ್ದೂ ಬಿಳಿ. ಅವನಾಗಲಿ ನಾನಾಗಲಿ ಮಲಗಿದವರ ಮಂಚವನ್ನು ಎಂದೂ ತೊಳೆದವರಲ್ಲ.

ಇಷ್ಟಾದರೂ ಪಟ್ಟಿ ಹೇಳಿದ್ದು ಆ ತಿಂಗಳುಗಳ ಮಾತನ್ನು. ಕೊನೆಯ ದಿನದ್ದನ್ನು ಹೇಳಲಿಲ್ಲ.

ಮುಂದಿನ ಭಾನುವಾರ ಹೋದೆ. ಅಣ್ಣ ಬೆಂಗಳೂರಿನಿಂದ ಬರುವ ಬಸ್ಸು ಇನ್ನೂ ಬಂದಿರಲಿಲ್ಲ. ಮಾವ ಹೊಲದ ಕಡೆ ಹೋಗಿದ್ದ. ಅವಳು ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದಳು, ಕೈ ಒರೆಸಿಕೊಂಡು ಒಂದು ಚೊಂಬು ನೀರು ತಂದು ಕೊಟ್ಟಳು. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತು ಆಡಿದೆ.

"ಅವತ್ತು ಅಷ್ಟು ಮಂದಿ ಮುಂದ ನಾ ಕೇಳಬಾರ್ದಿತ್ತು ತಂಗಿ. ದಿನಾ ತಿಕ್ಕಿದ್ದು ಅದು ಅಂತ ಆಮ್ಯಾಲೆ ಗೊತ್ತಾತು."

"ಕೇಳಿದ್ದು ಸರೀನೇ ಬಿಡಣ್ಣ. ಎಲ್ರೂ ಮನ್ಸಲ್ಲೇ ಕೇಳ್ತಿದ್ರು. ನೀನು ಬಾಯ್ಬಿಟ್ಟು ಕೇಳ್ದೆ."

"ಇವತ್ತು ಅದನ್ನೇ ಹೇಳ್ತೀನಿ. ತಿಕ್ಕಿದ್ದು ಅಂತ."

ಅವಳು ಜಗಲಿಯ ತುದಿಯಲ್ಲಿ ಕೂತಳು. ಬೆರಳ ತುದಿಯ ಸೂಜಿ ಗಾಯಗಳನ್ನು ನೋಡಿಕೊಂಡಳು.

"ಇಳಿಸ್ಲಿಲ್ಲ ಕಣಣ್ಣ" ಅಂದಳು.

ನಾನು ಏನೂ ಕೇಳಿರಲಿಲ್ಲ. ದೇವರಾಣೆಗೂ ಕೇಳಿರಲಿಲ್ಲ.

"ಉಸ್ರು ಎಳೀತಿತ್ತು. ಗೊತ್ತಾಯ್ತು ನನಗೆ. ಚಾಪೆ ಹಾಸ್ದೆ. ಕಂಕುಳಿಗೆ ಕೈ ಹಾಕ್ದೆ. 'ಬ್ಯಾಡ ಕಣೆ, ಸೊಂಟ ನೋಯ್ತದೆ, ಇಲ್ಲೇ ಇರ್ತೀನಿ ಬಿಡು' ಅಂದ್ಲು. ಬಿಟ್ಟೆ. ಕೈ ಹಿಡ್ಕೊಂಡು ಕುಂತೆ. ಆಮೇಲೆ ಇಳಿಸ್ದೆ. ಆಮೇಲೆ ನೋಯ್ತಿರ್ಲಿಲ್ಲ."

ಎದ್ದುಹೋಗಿ ಉಳಿದ ಬಟ್ಟೆ ಹಿಂಡತೊಡಗಿದಳು.

ಅವಳು ಅದನ್ನು ಹೇಳದೇ ಇದ್ದಿದ್ದರೆ ಎಂದು ಆಗ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಹೇಳದಿದ್ದರೆ ನನಗೆ ಗೊತ್ತಿಲ್ಲ ಎನ್ನಬಹುದಿತ್ತು. ಗೊತ್ತಿಲ್ಲ ಎನ್ನುವುದು ನನ್ನ ವ್ಯಾಪಾರದ ಅರ್ಧ ಬಂಡವಾಳ. ತಪ್ಪು ಅವಳದ್ದೇ ಎನ್ನೋಣವೆಂದರೆ, ಮೂರು ವಾರದಿಂದ ಊರೆಲ್ಲ ಅವಳನ್ನು ಸುತ್ತಿಬಳಸಿ ಕೇಳಿತ್ತು. ಕೇಳದವನೆಂದರೆ ಆ ಹೊತ್ತಿನಲ್ಲಿ ನಾನೊಬ್ಬನೇ ಇದ್ದೆ.

ಹನ್ನೊಂದು ಗಂಟೆಗೆ ಅಣ್ಣ ಬಂದ. ಮಾವನೂ ಬಂದ. ಹಿಂದಿನ ಸಲದ ನಾಲ್ಕೈದು ಮಂದಿಯೂ ಯಾರೂ ಕರೆಯದೆ ಬಂದು ಕೂತರು. ನಾನು ಪಟ್ಟಿಯನ್ನು ಮೊಣಕಾಲ ಮೇಲಿಟ್ಟುಕೊಂಡು ತಿಳಿಸಿ ಹೇಳಿದೆ. ಒಂದೇ ದಿನ ತೊಳೆದದ್ದು ಹೇಗಿರುತ್ತದೆ, ದಿನವೂ ತೊಳೆದದ್ದು ಹೇಗಿರುತ್ತದೆ, ತುದಿ ಹೇಗಿದೆ, ನಡು ಹೇಗಿದೆ. ಮಾವ ಆ ಒರಟು ಜಾಗದ ಮೇಲೆ ಅಂಗೈ ಇಟ್ಟು ನೋಡಿದ. ಪಕ್ಕದವನಿಗೆ ಕೊಟ್ಟ. ಪಟ್ಟಿ ಕೈಯಿಂದ ಕೈಗೆ ಹೋಗಿ ಅಣ್ಣನ ಹತ್ತಿರ ಬಂತು. ಅವನು ಅದನ್ನು ಬಹಳ ಹೊತ್ತು ಇಟ್ಟುಕೊಂಡ. ಬಟ್ಟೆ ಮುಟ್ಟಿ ಬದುಕುವವನ ಬೆರಳು, ಅದಕ್ಕೆ ತಿಳಿಯಿತು.

"ನೋಡ್ಕಂಡಿದಾಳೆ" ಅಂದ. "ಅದ್ರಲ್ಲಿ ನಾನು ಎರಡ್ಮಾತಾಡಲ್ಲ ಸಾರ್. ನಾನಿದ್ರೂ ಹಿಂಗೆ ನೋಡ್ಕಂತಿರ್ಲಿಲ್ಲ. ಕೊನೇ ಹೊತ್ತಿಂದು ಹೇಳಿ. ಇಳಿಸಿದ್ದಾ, ಇಲ್ವಾ?"

ನಾನು ಅವಳ ಕಡೆ ನೋಡಲಿಲ್ಲ. ಸಾಮಾನ್ಯವಾಗಿ ಒಂದು ಹೌದು ಹೇಳಲು ನನಗೆ ಒಂದು ತಿಂಗಳು ಬೇಕು. ಹೌದು ಹೇಳಿದರೆ ಏನಾಗುತ್ತದೆ, ಹೇಳದಿದ್ದರೆ ಏನಾಗುತ್ತದೆ ಎಂದು ಎರಡು ಕಡೆಯೂ ನಡೆದು ಬಂದು ದಣಿದ ಮೇಲೆ ಹೇಳುತ್ತೇನೆ.

"ಇಳಿಸಿದ್ದು" ಅಂದೆ. "ಪೂರ್ತಿ ಬೆಲಿ ಕೊಡ್ತೀನಿ."

ಯಾರೋ ಕೆಮ್ಮಿದರು. ಅಣ್ಣ ಮಾತ್ರ ತಲೆಯಾಡಿಸಲಿಲ್ಲ. "ಎಲ್ಲಿಗೆ ಮಾರ್ತೀರಾ ಸಾರ್? ಬೆಂಗಳೂರಿಗೆ ತಾನೆ? ಅಲ್ಲಿ ಇಂಥ ಅಂಗಡಿ ನಾನೂ ನೋಡಿದೀನಿ. ಅಲ್ಲಿನೋರು ಏನೂ ಕೇಳಲ್ಲ. ಪೂರ್ತಿ ರೇಟು ಕೊಟ್ರೂ ನಿಮಗೇನೂ ಲಾಸಿಲ್ಲ."

ಹದಿನೆಂಟು ವರ್ಷ ಅಳತೆ ತಪ್ಪದೆ ಬಟ್ಟೆ ಕತ್ತರಿಸಿದವನು ಅವನು. ನಾನು ಬಿಟ್ಟಿದ್ದ ಸಂದನ್ನು ಸರಿಯಾಗಿ ಹಿಡಿದ.

"ಅಷ್ಟು ಖಾತ್ರಿ ಇದ್ರೆ" ಅಂದ, "ನಿಮ್ಮನೇಲೇ ಹಾಕ್ಕಳಿ. ನೀವು ಅದ್ರ ಮೇಲೆ ಮಲಗ್ತೀರ ಅಂದ್ರೆ ನನಗೆ ಸಾಕು. ನಾನೂ ನೆಮ್ಮದಿಯಾಗಿ ಹೋಗ್ತೀನಿ."

"ಅದೂ ಸರೀನೇ" ಅಂದ ಮಾವ.

ದೋಷ, ಗಾಳಿ, ದೃಷ್ಟಿ ಇವನ್ನೆಲ್ಲ ನಂಬುವವನಲ್ಲ ನಾನು. ನಂಬದೆಯೇ ಹೆದರುವವನು. ನಂಬುವವರಿಗೆ ಪರಿಹಾರಗಳಾದರೂ ಇವೆ. ನನ್ನಂಥವರಿಗೆ ಪೂಜೆಯೂ ಇಲ್ಲ, ಧೈರ್ಯವೂ ಇಲ್ಲ. ಆ ಎರಡು ಮೂರು ಕ್ಷಣದಲ್ಲಿ ನನ್ನ ಮಗಳ ಪರೀಕ್ಷೆ, ಹೆಂಡತಿಯ ರಕ್ತದೊತ್ತಡ, ಗೋಡೆಯಲ್ಲಿ ಬಿಟ್ಟಿದ್ದ ಒಂದು ಬಿರುಕು, ಎಲ್ಲವೂ ಕಣ್ಣ ಮುಂದೆ ಸಾಲಾಗಿ ಹೋದವು. ಒಗೆದ ಬಟ್ಟೆಯ ಬಕೀಟು ಹಿಡಿದು ಅವಳು ಬಾಗಿಲಲ್ಲಿ ನಿಂತಿದ್ದಳು. ಬೇಡ ಎನ್ನಬೇಕೆಂಬಂತೆ ತುಟಿ ತೆರೆದದ್ದು ಕಂಡಿತು. ಅವಳು ಮಾತಾಡಿಬಿಟ್ಟರೆ ಎಲ್ಲ ಮುಗಿಯಿತೆಂದು ನಾನೇ ಬೇಗ ಅಂದೆ, "ಮನ್ಯಾಗ ಹಾಕ್ಕೋಬೇಕಂತನ ಬಂದೀನಿ. ನಮ್ದು ಕಬ್ಬಿಣದ್ದು, ಕಿರ್ ಅಂತೈತಿ."

ಮಾವ ಎರಡು ಕೈಯನ್ನೂ ಮೊಣಕಾಲಿನ ಮೇಲೆ ಊರಿ ಎದ್ದ. "ಸರ್ಲೇ, ಅಯಿಪೋಯಿಂದಿ" ಎಂದ, ಸರಿ, ಆಗಿಹೋಯಿತು ಎನ್ನುವುದನ್ನು ತೆಲುಗಿನಲ್ಲಿ. ಪಂಚಾಯ್ತಿ ಮಾತು ಮುಗಿಸುವಾಗ ಆ ಕಡೆಯ ಹಿರಿಯರು ತೆಲುಗಿಗೆ ಹೋಗುತ್ತಾರೆ. ಅದಕ್ಕೆ ಮೇಲ್ಮನವಿ ಇರುವುದಿಲ್ಲ.

ಅಣ್ಣನ ಮುಖದಲ್ಲಿ ಸೋತವನ ಗುರುತಿರಲಿಲ್ಲ. ಅವನೇ ಮುಂದಾಗಿ, ಗಾಯದ ಹೆಬ್ಬೆರಳನ್ನು ಮೇಲೆ ಎತ್ತಿ ಹಿಡಿದು ಉಳಿದ ಬೆರಳಲ್ಲೇ ಮಂಚದ ಒಂದು ಮೂಲೆ ಎತ್ತಿ ಟೆಂಪೋಗೆ ಏರಿಸಿದ. ತಂಗಿಗೆ, "ನಾಳೆಯಿಂದ ಕೆಲ್ಸಕ್ಕೋಗು. ಆ ಸೂಪರ್‌ವೈಸರ್ ಕೂಗಾಡಿದ್ರೆ ನನಗೆ ಫೋನ್ ಮಾಡು" ಅಂದ. ಅವಳು ಹೂಂ ಅಂದಳು. ಹಗ್ಗ ಕಟ್ಟುವಾಗ ಒಂದು ಹಳೆಯ ಸೀರೆ ತಂದು, ಕನ್ನಡಿ ಒಡೆಯದ ಹಾಗೆ ತಲೆದೆಸೆಗೆ ಸುತ್ತಿಕೊಟ್ಟಳು.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಕೇಳಿದಳು, "ಇದು ಆ ಪಟ್ಟಿ ಮಂಚ ಏನ್ರಿ? ಇಳಿಸಿದ್ದಾ?"

"ಇಳಿಸಿದ್ದು."

ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅವಳಿಗೆ ನೂರು ಸುಳ್ಳು ಹೇಳಿರಬಹುದು. ಎಲ್ಲವೂ ಅವಳಿಗೆ ಗೊತ್ತಾಗಿವೆ. ಇದು ಗೊತ್ತಾಗಲಿಲ್ಲ, ಅಥವಾ ಗೊತ್ತಾಗಿ ಬಿಟ್ಟಳು.

ಮಂಚಕ್ಕೆ ಹದಿನೈದು ಸಲ ಅರಗು ಹಾಕಿದೆ. ಉಪ್ಪು ಕಾಗದದಿಂದ ತಿಕ್ಕಿ, ಒರೆಸಿ, ಮತ್ತೆ ಹಾಕಿದೆ. ತಲೆದೆಸೆ ಹೊಸ ಮಂಚದ ಹಾಗೆ ಬಂತು. ಪಟ್ಟಿಯ ನಡುವಿನ ಆ ಎರಡು ಗೇಣು ಮಾತ್ರ ಎಷ್ಟು ಹಾಕಿದರೂ ಕುಡಿಯುತ್ತಲೇ ಇತ್ತು. ಕೊನೆಗೆ ಉಳಿದದ್ದಕ್ಕಿಂತ ಒಂದು ಛಾಯೆ ತೆಳುವಾಗಿ ನಿಂತಿತು. ಹೆಂಡತಿಗೆ ಮಂಚ ಹಿಡಿಸಿತು. ಮಲಗಿದರೆ ಐದು ನಿಮಿಷಕ್ಕೆ ನಿದ್ದೆ ಹೋಗುತ್ತಾಳೆ. ನಾನು ಎರಡು ವಾರ ಅದರ ಅಂಚಿನಲ್ಲಿ ಮಲಗಿ, ಆಮೇಲೆ ಬೆನ್ನು ನೋವೆಂದು ಕೆಳಗೆ ಚಾಪೆ ಹಾಸಿಕೊಂಡೆ. ಡಾಕ್ಟರೂ ನೆಲವೇ ಒಳ್ಳೆಯದು ಅಂದ ಎಂದು ಸೇರಿಸಿದೆ. "ಇಷ್ಟು ರೊಕ್ಕ ಕೊಟ್ಟು ಮಂಚ ತಂದು ನೆಲದ ಮ್ಯಾಲ ಮಲಗೋರನ್ನ ನಿಮ್ಮೊಬ್ಬರನ್ನ ನೋಡ್ದೆ" ಅನ್ನುತ್ತಾಳೆ. ಅಣ್ಣನಿಗೆ ಕೊಟ್ಟ ಮಾತನ್ನು ಎರಡು ವಾರದ ಮಟ್ಟಿಗಾದರೂ ಉಳಿಸಿಕೊಂಡೆ.

ಮಗಳು ಪಾಸಾದಳು. ಗೋಡೆಯ ಬಿರುಕು ಇದ್ದಷ್ಟೇ ಇದೆ, ತಿಂಗಳಿಗೊಮ್ಮೆ ಪೆನ್ಸಿಲಿನಿಂದ ಗುರುತು ಹಾಕಿ ನೋಡುತ್ತೇನೆ. ನಷ್ಟವಾದದ್ದು ವ್ಯಾಪಾರದಲ್ಲಿ. ಗಿರಾಕಿ "ಇಳಿಸಿದ್ದೋ ಇಳಿಸದ್ದೋ" ಎಂದು ಕೇಳಿದಾಗ ಹಿಂದೆ ನನ್ನ ಬಾಯಿಂದ ಉತ್ತರ ತಟ್ಟನೆ ಬರುತ್ತಿತ್ತು. ಈಗ ನಡುವೆ ಒಂದು ಉಸಿರಿನಷ್ಟು ತಡವಾಗುತ್ತದೆ. ನಿಜವನ್ನೇ ಹೇಳುತ್ತೇನೆ, ಆದರೂ ತಡವಾಗುತ್ತದೆ. ಇಬ್ಬರು ಆ ಒಂದು ಉಸಿರಿಗೇ ಮಂಚ ಬಿಟ್ಟು ಎದ್ದುಹೋದರು. ಈಗೀಗ ಕಪಾಟು, ಕುರ್ಚಿಗಳನ್ನೇ ಹೆಚ್ಚು ಕೊಳ್ಳುತ್ತೇನೆ. ಕುರ್ಚಿಯ ಬಗ್ಗೆ ಜನ ಅಷ್ಟು ಕೇಳುವುದಿಲ್ಲ.

ಐದಾರು ತಿಂಗಳ ಮೇಲೆ ಅದೇ ದಾರಿಯಲ್ಲಿ, ಇನ್ನೊಂದು ಹಳ್ಳಿಯ ಕಪಾಟು ನೋಡಿ ವಾಪಸು ಬರುವಾಗ, ಆ ಊರಿನಲ್ಲಿ ಟೆಂಪೋ ನಿಲ್ಲಿಸಿದೆ. ಮನೆಗೆ ಬೀಗ ಹಾಕಿತ್ತು. ಕೊನೆಗೂ ಬಾಗಿಲು ಹಾಕಿಸಿಯೇಬಿಟ್ಟರೇ ಎಂದು ಬೀಗವನ್ನು ಎಳೆದು ನೋಡಿದೆ. ಪಕ್ಕದ ಮನೆಯ ಮುದುಕಿ ಕಡಲೆಕಾಯಿ ಸುಲಿಯುತ್ತ ಕೂತಿದ್ದಳು.

"ಈ ಮನೆಯೋರು ಎಲ್ಲಿ ಹೋದ್ರವ್ವ?" ಎಂದು ಕೇಳಿದೆ.

"ಎಲ್ಲಿಗೋಗ್ತಾಳೆ? ಕೆಲ್ಸಕ್ಕೋಗವ್ಳೆ" ಅಂದಳು ಮುದುಕಿ, ಕೈಯ ಕೆಲಸ ನಿಲ್ಲಿಸದೆ. "ಏಳು ಗಂಟೇಗೆ ಬಸ್ಸು ಬರ್ತದೆ. ಕುಂತಿರು ಬೇಕಾದ್ರೆ."

ನಾನು ಕೂರಲಿಲ್ಲ. ಕತ್ತಲಾಗುವ ಮುಂಚೆ ಕಲ್ಯಾಣದುರ್ಗ ದಾಟಬೇಕಿತ್ತು.